ಬಿಸಿಲ ನಾಡಿನ ಬಣ್ಣದ ಹೂಗಳು

ಕಲಬುರಗಿ ಎಂದೊಡನೆ ಹೊರಗಿನವರ ನೆನಪಿಗೆ ಮೊದಲು ಬರುವುದು ಬಿಸಿಲು. ಅದರ ಹಿಂದೆಯೇ ಕೋಟೆ, ಗುಮ್ಮಟ, ತೊಗರಿಬೇಳೆ. ಹೂವಿನ ಮಾತು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ವೈಶಾಖದ ನಡುಹಗಲಿನಲ್ಲಿ ಪಾದರಸ ೪೨-೪೩ ಡಿಗ್ರಿ ಸೆಲ್ಸಿಯಸ್ ಮುಟ್ಟುವ ಊರಿನಲ್ಲಿ ಹೂವಿಗೆ ಎಡೆಯೆಲ್ಲಿ ಎಂದು ಯಾರಿಗಾದರೂ ಅನ್ನಿಸುವುದು ಸಹಜವೇ.

ಆದರೆ ಮಾಘಮಾಸದ ಮುಂಜಾವಿನಲ್ಲಿ ಶರಣಬಸವೇಶ್ವರರ ಗುಡಿಯ ಕಡೆಗೆ ನಡೆದು ಹೋದವರು ಈ ಅಭಿಪ್ರಾಯವನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಒದ್ದೆ ಗೋಣಿತಟ್ಟಿನ ಕೆಳಗಿಂದ ಸೇವಂತಿಗೆಯ ಹಳದಿ ಇಣುಕುತ್ತಿರುತ್ತದೆ. ಪಕ್ಕದ ಬುಟ್ಟಿಯಲ್ಲಿ ಚೆಂಡುಹೂವಿನ ಕೇಸರಿ. ಅದರಾಚೆ ಗುಲಾಬಿಯ ಬಿಡಿ ಪಕಳೆಗಳ ರಾಶಿ. ಬಾಳೆಲೆಯ ಮೇಲೆ ಸುರುಳಿ ಸುತ್ತಿದ ಕಾಕಡದ ದಂಡೆ. ಹೂವಾಡಗಿತ್ತಿ ನೀರು ಚಿಮುಕಿಸುತ್ತಲೇ ಇರುತ್ತಾಳೆ. ಎಂಟು ಗಂಟೆಯ ಒಳಗೆ ಮಾರಿದರೆ ಲಾಭ, ಹನ್ನೊಂದಾದರೆ ಅಸಲು, ನಡುಹಗಲು ಕಳೆದರೆ ದನದ ಪಾಲು. ಈ ಲೆಕ್ಕವನ್ನು ಆಕೆಗೆ ಯಾರೂ ಕಲಿಸಬೇಕಾಗಿಲ್ಲ. ಊರಿನ ಬಿಸಿಲೇ ಕಲಿಸಿದೆ.

ಕೊಳ್ಳುವವರಲ್ಲಿ ಬಹುಮಂದಿ ದೇವರಿಗೆಂದು ಒಯ್ಯುವವರು. ಕೆಲವರು ಮುಡಿಗೆಂದು ಒಯ್ಯುವವರು. ಇನ್ನು ಕೆಲವರುಂಟು: ಹಾರವನ್ನು ಕೇಳದೆ, ದಂಡೆಯನ್ನು ಕೇಳದೆ, ದಂಟಿನ ಸಮೇತ ನಾಲ್ಕೇ ಹೂವನ್ನು ಆರಿಸಿ, ಅದರಲ್ಲಿ ಒಂದು ಅರಳದ ಮೊಗ್ಗಾಗಿರಲಿ, ಒಂದು ತುಸು ಬಾಗಿರಲಿ ಎಂದು ಬೇಡುವವರು. ಅಂಥವರು ಚಿತ್ರ ಬರೆಯುವವರೆಂದು ತಿಳಿಯಬೇಕು. ಕಲಬುರಗಿ ಚಿತ್ರಕಾರರ ಊರು. ಇಲ್ಲಿ ಚಿತ್ರಕಲೆಯನ್ನು ಕಲಿಸುವ ಮಹಾವಿದ್ಯಾಲಯವಿದೆ; ೧೯೮೦ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿಯೂ ಆ ಪಾಠವುಂಟು; ಸಿನಿಮಾ ಮತ್ತು ಕ್ಯಾಲೆಂಡರುಗಳ ಮೂಲಕ ಭಾರತದ ಮನೆಮನೆಯನ್ನೂ ಮುಟ್ಟಿದ ಒಬ್ಬ ಮಹಾಚಿತ್ರಕಾರ ಹುಟ್ಟಿದ್ದೂ ಇಲ್ಲಿಯೇ. ಈ ಊರಿನ ಹೂವಿನ ಕಥೆಯನ್ನು ಕುಂಚದ ಜೊತೆಯಲ್ಲಿ ಹೇಳಬೇಕಾದದ್ದು ಇದರಿಂದಾಗಿ.

ತಂಬಿಗೆಯಲ್ಲಿ ನಾಲ್ಕು ಹೂವು

ಹೂವಿನ ಚಿತ್ರವೆಂದರೆ ಚಿತ್ರಕಲೆಯ ಬಾಲಪಾಠವೆಂಬ ಭಾವನೆ ನಮ್ಮಲ್ಲಿದೆ. ಶಾಲಾಮಕ್ಕಳ ಚಿತ್ರಕಲಾ ಪರೀಕ್ಷೆಗಳಲ್ಲಿ ಇದಕ್ಕೆ ‘ವಸ್ತುಚಿತ್ರ’ವೆಂದು ಹೆಸರು. ಮೇಜಿನ ಮೇಲೆ ಒಂದು ಹಾಸುಬಟ್ಟೆ, ಅದರ ಮೇಲೆ ಹಿತ್ತಾಳೆಯ ತಂಬಿಗೆ, ತಂಬಿಗೆಯಲ್ಲಿ ಹೂವು, ಪಕ್ಕದಲ್ಲಿ ಒಂದೆರಡು ಹಣ್ಣು. ಇವನ್ನು ಕಂಡಂತೆ ಬರೆಯಬೇಕು. ಕಥೆಯಿಲ್ಲ, ದೇವರಿಲ್ಲ, ರಾಜರಿಲ್ಲ. ನೋಡಲು ಇಷ್ಟು ಸುಲಭವಾದ ಕೆಲಸ ಮತ್ತೊಂದಿಲ್ಲ.

ಕುಂಚ ಹಿಡಿದವರಿಗೆ ಮಾತ್ರ ಇದರ ಕಷ್ಟ ಗೊತ್ತು. ಮೊದಲನೆಯದು ಬೆಳಕು. ಉತ್ತರದ ಕಿಟಕಿಯಿಂದ ಬರುವ ಬೆಳಕು ಹೆಚ್ಚು ಹೊತ್ತು ಒಂದೇ ಸಮನಾಗಿರುತ್ತದೆ. ಮೂಡಣದ ಕಿಟಕಿಯಾದರೆ ಗಂಟೆಗೊಮ್ಮೆ ನೆರಳು ಸರಿಯುತ್ತದೆ. ಒಂಬತ್ತು ಗಂಟೆಗೆ ತಂಬಿಗೆಯ ಎಡಕ್ಕಿದ್ದ ಮಿಂಚು ಹತ್ತೂವರೆಗೆ ಕುತ್ತಿಗೆಗೆ ಬಂದಿರುತ್ತದೆ. ಎರಡನೆಯದು ಬಣ್ಣ. ಬಿಳಿಯ ಸೇವಂತಿಗೆಯ ನೆರಳು ಕಪ್ಪಲ್ಲ. ಹಾಸುಬಟ್ಟೆ ನೀಲಿಯಾದರೆ ಆ ನೆರಳಿನಲ್ಲಿ ನೀಲಿಯ ಛಾಯೆ, ಎಲೆಗಳ ಹತ್ತಿರ ಹಸುರಿನ ಛಾಯೆ, ಹಿತ್ತಾಳೆಯ ಸಮೀಪದಲ್ಲಿ ಹೊಂಬಣ್ಣದ ಛಾಯೆ. ಹಳದಿಯ ಚೆಂಡುಹೂವಿಗೆ ಕಪ್ಪು ಬೆರೆಸಿದರೆ ನೆರಳು ಬಾರದೆ ಪಾಚಿಯಂಥ ಕೊಳಕು ಹಸುರು ಬರುತ್ತದೆ. ಕಿತ್ತಳೆ, ಕಾವಿಗಳ ಕಡೆಗೆ ಬಣ್ಣವನ್ನು ನಡೆಸಿಕೊಂಡು ಹೋದರೆ ಮಾತ್ರ ಹೂವಿನ ಒಳಗು ಆಳವಾಗಿ ಕಾಣುತ್ತದೆ. ಜಲವರ್ಣದಲ್ಲಿ ಬಿಳುಪೆಂದರೆ ಕಾಗದವೇ. ಒಮ್ಮೆ ಬಣ್ಣ ಬಿದ್ದ ಮೇಲೆ ಆ ಬಿಳುಪನ್ನು ಮರಳಿ ತರುವುದು ಬಹಳ ಕಷ್ಟ. ತೈಲವರ್ಣದಲ್ಲಿಯಾದರೆ ಬಿಳುಪನ್ನು ಕೊನೆಗೆ ಮೇಲಿಡಬಹುದು. ಆದರೆ ಕೆಳಗಿನ ಬಣ್ಣ ಒಣಗುವ ತನಕ ಕಾಯಬೇಕು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಅದು ಕಾಲ. ತಂಬಿಗೆ ಕಾಯುತ್ತದೆ, ಹಾಸುಬಟ್ಟೆ ಕಾಯುತ್ತದೆ, ಹೂವು ಕಾಯುವುದಿಲ್ಲ. ಬೆಳಗ್ಗೆ ಮೊಗ್ಗಾಗಿದ್ದ ಗುಲಾಬಿ ಬೆಚ್ಚನೆಯ ಕೋಣೆಯಲ್ಲಿ ಬಿರಿದು ಮುಖ ತಿರುಗಿಸಿಕೊಳ್ಳುತ್ತದೆ. ದಂಟು ಬಾಗುತ್ತದೆ, ಅಂಚು ಸುರುಟಿಕೊಳ್ಳುತ್ತದೆ. ತಂಪಿನ ನಾಡಿನಲ್ಲಿ ಎರಡು ಮೂರು ದಿನ ನಿಲ್ಲುವ ಹೂವು ಕಲಬುರಗಿಯ ಬೇಸಗೆಯಲ್ಲಿ ಒಂದು ಹೊತ್ತು ನಿಂತರೆ ಹೆಚ್ಚು. ಹೀಗಾಗಿ ಇಲ್ಲಿ ಹೂವಿನ ಚಿತ್ರ ಬರೆಯುವವರು ಮೊದಲು ಹೂವನ್ನು ಬರೆದು ಮುಗಿಸಿ, ಪಾತ್ರೆ, ಬಟ್ಟೆ, ಹಿನ್ನೆಲೆಗಳನ್ನು ಆಮೇಲೆ ನಿಧಾನವಾಗಿ ನೋಡಿಕೊಳ್ಳುವುದು ಜಾಣತನ. ಹೂವಿನಲ್ಲಿಯೂ ಎಲ್ಲವನ್ನೂ ಬರೆಯಲಾಗದು. ಯಾವ ಒಂದು ಹೂವು ಪೂರ್ಣವಾಗಿ ಬರಬೇಕು, ಯಾವುದು ಬರಿಯ ಬಣ್ಣದ ಕಲೆಯಾಗಿ ಹಿಂದೆ ಉಳಿಯಬೇಕು ಎಂಬುದನ್ನು ಮೊದಲ ಹತ್ತು ನಿಮಿಷದಲ್ಲಿ ತೀರ್ಮಾನಿಸಬೇಕು. ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಟ್ಟುಕೊಡಬೇಕು? ಬಾಲಪಾಠವೆಂದು ಕರೆಯುವ ಈ ಚಿತ್ರದ ನಿಜವಾದ ಪಾಠ ಇದು.

ಹೊರನಾಡಿನ ಹೂದಾನಿಗಳು

ಈ ಪಾಠವನ್ನು ಕಲಿತವರು ಕಲಬುರಗಿಯವರು ಮಾತ್ರವೇ ಅಲ್ಲ. ಡಚ್ಚರ ಭಾಷೆಯಲ್ಲಿ ಇಂಥ ಚಿತ್ರಕ್ಕೆ ‘ಸ್ತಬ್ಧ ಜೀವನ’ವೆಂಬ ಅರ್ಥದ ಹೆಸರಿದೆ, ಫ್ರೆಂಚರು ಇದನ್ನೇ ‘ಸತ್ತ ಪ್ರಕೃತಿ’ ಎನ್ನುತ್ತಾರೆ. ಒಂದೇ ಚಿತ್ರವನ್ನು ಕಂಡು ಒಂದು ನಾಡು ಬದುಕನ್ನು ನೆನೆಯಿತು, ಇನ್ನೊಂದು ಸಾವನ್ನು ನೆನೆಯಿತು.

೧೭ನೆಯ ಶತಮಾನದಲ್ಲಿ ಹಾಲೆಂಡ್ ಮತ್ತು ಫ್ಲ್ಯಾಂಡರ್ಸ್ ನಾಡಿನ ವರ್ತಕರ ಮನೆಗಳಲ್ಲಿ ಹೂದಾನಿಯ ಚಿತ್ರಗಳಿಗೆ ಬಹಳ ಬೇಡಿಕೆಯಿತ್ತು. ಆ ಚಿತ್ರಗಳಲ್ಲಿ ಒಂದು ಗುಟ್ಟುಂಟು. ವಸಂತದ ಟ್ಯೂಲಿಪ್ ಹೂವಿನ ಪಕ್ಕದಲ್ಲಿಯೇ ಬೇಸಗೆಯ ಗುಲಾಬಿ ಅರಳಿ ನಿಂತಿರುತ್ತದೆ. ಅಂಥ ಹೂಗೊಂಚಲು ಯಾರ ಮನೆಯ ಹೂದಾನಿಯಲ್ಲಿಯೂ ಎಂದೂ ಇರಲಿಲ್ಲ. ಚಿತ್ರಕಾರರು ಒಂದೊಂದು ಹೂವನ್ನೂ ಅದರದರ ಕಾಲದಲ್ಲಿ ನೋಡಿ ಬರೆದಿಟ್ಟುಕೊಂಡು, ಕೊನೆಗೆ ಒಂದೇ ಪಾತ್ರೆಯಲ್ಲಿ ಕೂಡಿಸುತ್ತಿದ್ದರು. ಆಂಟ್ವರ್ಪ್ ನಗರದ ಯಾನ್ ಬ್ರೂಘೆಲ್ ೧೬೦೬ರಲ್ಲಿ ತನ್ನ ಊರಿನಲ್ಲಿ ದೊರೆಯದ ಹೂಗಳನ್ನು ಕಣ್ಣಾರೆ ಕಂಡು ಬರೆಯಲೆಂದೇ ಬ್ರಸೆಲ್ಸಿಗೆ ಹೋಗಿದ್ದ.

ನಮ್ಮ ದೇಶದಲ್ಲಿಯೂ ಇಂಥ ತಾಳ್ಮೆಯ ಚಿತ್ರಕಾರನಿದ್ದ. ಮೊಗಲ ದೊರೆ ಜಹಾಂಗೀರ ೧೬೨೦ರಲ್ಲಿ ಕಾಶ್ಮೀರಕ್ಕೆ ಹೋದಾಗ ಅಲ್ಲಿನ ಹೂಗಳನ್ನು ಕಂಡು ಮರುಳಾದನು. ಆಸ್ಥಾನದ ಚಿತ್ರಕಾರ ಮನ್ಸೂರನು ನೂರಕ್ಕೂ ಮಿಕ್ಕಿ ಹೂಗಳ ಚಿತ್ರ ಬರೆದನೆಂದು ದೊರೆಯೇ ತನ್ನ ದಿನಚರಿಯಲ್ಲಿ ಹೇಳಿಕೊಂಡಿದ್ದಾನೆ. ಆ ನೂರರಲ್ಲಿ ಇಂದು ಉಳಿದಿರುವವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಅಲಿಗಢದಲ್ಲಿರುವ ಕೆಂಪು ಟ್ಯೂಲಿಪ್ ಹೆಸರಾದುದು.

ವಿನ್ಸೆಂಟ್ ವ್ಯಾನ್ ಗೋ ೧೮೮೮ರ ಆಗಸ್ಟಿನಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ ಸೂರ್ಯಕಾಂತಿಯ ಚಿತ್ರಗಳನ್ನು ಬರೆದುದು ಜಗತ್ತಿಗೆಲ್ಲ ತಿಳಿದ ಮಾತು. ಹೂವು ಬೇಗ ಬಾಡುವುದರಿಂದ ಸೂರ್ಯೋದಯದಿಂದಲೇ ಕೆಲಸಕ್ಕೆ ಕೂಡಬೇಕಾಗಿದೆಯೆಂದು ಆತ ತಮ್ಮನಿಗೆ ಬರೆದು ತಿಳಿಸಿದ್ದ. ಹಾಗೆ ಓಡಿ ಹಿಡಿದ ಹಳದಿಯೂ ಪೂರ್ತಿಯಾಗಿ ಕೈಗೆ ಸಿಕ್ಕಲಿಲ್ಲ. ಆತ ಬಳಸಿದ ಕ್ರೋಮ್ ಹಳದಿಯ ಒಂದು ಬಗೆ ಬೆಳಕಿಗೆ ಕಂದುವಂಥದೆಂದು ಈಚಿನ ವಿಜ್ಞಾನಿಗಳು ಪರೀಕ್ಷಿಸಿ ತೋರಿಸಿದ್ದಾರೆ. ಬಾಡುವುದು ಗಿಡದ ಹೂವಿಗೆ ಮಾತ್ರ ಸೀಮಿತವಲ್ಲ; ಬಣ್ಣದ ಹೂವಿಗೂ ಅದರದೇ ಆದ ಮುಪ್ಪುಂಟು.

ಗುಮ್ಮಟದ ಕೆಳಗೆ

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕಲಬುರಗಿಯ ಪೂರ್ವದಂಚಿಗೆ, ಹಫ್ತ್ ಗುಂಬಜ್ ಎಂಬ ಗೋರಿಗಳ ಗುಂಪಿಗೆ ಹೋಗಬೇಕು. ೧೩೪೭ರಲ್ಲಿ ಬಹಮನಿ ರಾಜ್ಯ ತಲೆಯೆತ್ತಿದಾಗ ಕಲಬುರಗಿ ಅದರ ರಾಜಧಾನಿಯಾಯಿತು. ಮುಂದೆ ೧೫ನೆಯ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ನಡುವಿನ ಸುಲ್ತಾನರಲ್ಲಿ ಹಲವರು ಇಲ್ಲಿಯೇ ಮಲಗಿದ್ದಾರೆ. ಇವುಗಳಲ್ಲಿ ದೊಡ್ಡದು ೧೪೨೨ರಲ್ಲಿ ತೀರಿಕೊಂಡ ಫಿರೋಜ್ ಷಾಹನ ಗೋರಿ. ಜೋಡಿ ಗುಮ್ಮಟದ ಈ ಕಟ್ಟಡ ಹೊರಗಿನಿಂದ ಗಂಭೀರವಾದ ಕಲ್ಲಿನ ರಾಶಿ. ಒಳಗೆ ಕಾಲಿಟ್ಟು, ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ನಿಂತರೆ, ಗಾರೆಯಲ್ಲಿ ಎತ್ತಿದ ಪದಕಗಳು, ಬಳ್ಳಿಗಳು, ಎಲೆಗಳು ಒಂದೊಂದಾಗಿ ಗೋಡೆಯಿಂದ ಹೊರಬರುತ್ತವೆ. ಹೂದೋಟವನ್ನು ಹೊರಗೆ ಬೆಳೆಸಲಾಗದ ನೆಲದಲ್ಲಿ ಅದನ್ನು ಕಲ್ಲಿನ ಕೊಡೆಯ ಕೆಳಗೆ ಬೆಳೆಸಿದಂತಿದೆ.

ಇಲ್ಲಿಂದ ಹೆಚ್ಚು ದೂರವಿಲ್ಲದ ಖ್ವಾಜಾ ಬಂದೇ ನವಾಜರ ದರ್ಗಾದಲ್ಲಿ ಇನ್ನೊಂದು ಬಗೆಯ ನೋಟ. ಬಂದೇ ನವಾಜರು ದೇಹವಿಟ್ಟದ್ದೂ ೧೪೨೨ರಲ್ಲಿಯೇ. ಇಲ್ಲಿ ಗೋಡೆಯ ಅಲಂಕಾರ ಒಂದು ಕಡೆಗಾದರೆ, ಭಕ್ತರು ದಿನವೂ ತಂದು ಹೊದಿಸುವ ಗುಲಾಬಿಯ ಚಾದರ ಇನ್ನೊಂದು ಕಡೆಗೆ. ಕೆಳಗಿನ ಹೂವು ದಿನಕ್ಕೊಮ್ಮೆ ಬಾಡಿ ದಿನಕ್ಕೊಮ್ಮೆ ಹೊಸದಾಗುತ್ತದೆ. ಆರು ಶತಮಾನಗಳಲ್ಲಿ ಎಷ್ಟು ಲಕ್ಷ ಗುಲಾಬಿಗಳು ಇಲ್ಲಿಗೆ ಬಂದು ಒಣಗಿರಬಹುದೆಂಬ ಲೆಕ್ಕ ಯಾರಲ್ಲಿಯೂ ಇಲ್ಲ. ಉಳಿಯುವುದಕ್ಕೆ ಎರಡು ದಾರಿಗಳುಂಟೆಂದು ಈ ಎರಡು ತಾಣಗಳು ಅಕ್ಕಪಕ್ಕದಲ್ಲಿ ನಿಂತು ಹೇಳುತ್ತವೆ. ಒಂದು ಗಾರೆಯಲ್ಲಿ ಕೆತ್ತಿ ಉಳಿಸುವುದು. ಇನ್ನೊಂದು ನಾಳೆ ಮತ್ತೆ ತರುವುದು.

ಇದೇ ಹೂಬಳ್ಳಿಯ ಮುಂದಿನ ಗೊಂಚಲನ್ನು ನೋಡಬೇಕೆನ್ನುವವರು ಬೀದರಿನ ಬಳಿಯ ಅಷ್ಟೂರಿಗೆ ಹೋಗಬೇಕು. ೧೪೩೬ರಲ್ಲಿ ತೀರಿಕೊಂಡ ಅಹಮದ್ ಷಾಹನ ಗೋರಿಯ ಒಳಮೈ ಕೆಂಪು, ನೀಲಿ, ಹೊನ್ನಿನ ಬಣ್ಣಗಳ ಹೂವಿನಿಂದ ತುಂಬಿದೆ. ಬೀದರಿನ ಕುಶಲಕರ್ಮಿಗಳು ಸತುವಿನ ಕಪ್ಪು ಪಾತ್ರೆಯ ಮೈಯಲ್ಲಿ ಬೆಳ್ಳಿಯ ತಂತಿ ಕೂಡಿಸಿ ಹೂವರಳಿಸುವ ಬಿದರಿ ಕೆಲಸವಂತೂ ಲೋಕಪ್ರಸಿದ್ಧ. ಬಿದರಿಯ ಹೂದಾನಿಯಲ್ಲಿ ನಿಜವಾದ ಸೇವಂತಿಗೆಯನ್ನು ಇಟ್ಟು ಬರೆಯುವ ಚಿತ್ರಕಾರನಿಗೆ ಒಂದು ಸೊಗಸಾದ ಒಗಟು ಎದುರಾಗುತ್ತದೆ: ಪಾತ್ರೆಯ ಒಳಗಿನ ಹೂವು ಸಂಜೆಗೆ ತಲೆಬಾಗುತ್ತದೆ, ಪಾತ್ರೆಯ ಮೇಲಿನದು ಮೊಮ್ಮಕ್ಕಳ ಕಾಲಕ್ಕೂ ನಿಂತಿರುತ್ತದೆ.

ಮನೆಮನೆಯ ಗೋಡೆಯ ಮೇಲೆ

ಕಲಬುರಗಿಯ ಮಹಾಚಿತ್ರಕಾರ ಸಂಬಾನಂದ ಮೋನಪ್ಪ ಪಂಡಿತರು, ಎಂದರೆ ಎಸ್. ಎಂ. ಪಂಡಿತರು, ಹುಟ್ಟಿದ್ದು ೧೯೧೬ರಲ್ಲಿ. ಊರಿನಲ್ಲಿಯೇ ಶಂಕರರಾವ್ ಆಳಂದಕರರಲ್ಲಿ ಕುಂಚ ಹಿಡಿಯುವುದನ್ನು ಕಲಿತು, ಮುಂದೆ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯಲ್ಲಿ ವ್ಯಾಸಂಗ ಮಾಡಿದರು. ಆ ಕಾಲದ ಕಲಾಶಾಲೆಗಳಲ್ಲಿ ಕಲಿತವರಿಗೆ ಪಾತ್ರೆ, ಬಟ್ಟೆ, ಹೂವು, ಹಣ್ಣುಗಳನ್ನು ಕಂಡಂತೆ ಬರೆಯುವ ಶಿಕ್ಷಣ ತಪ್ಪುತ್ತಿರಲಿಲ್ಲ. ಮುಂಬಯಿಯ ಮೆಟ್ರೋ ಚಿತ್ರಮಂದಿರ ೧೯೩೮ರಲ್ಲಿ ಆರಂಭವಾದಾಗ ಅಲ್ಲಿನ ಇಂಗ್ಲಿಷ್ ಚಿತ್ರಗಳಿಗೆ ಪ್ರದರ್ಶನ ಫಲಕಗಳನ್ನು ಬರೆದು ಜನರ ಕಣ್ಣು ಸೆಳೆದರು. ಬಾಬೂರಾವ್ ಪಟೇಲರ ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳಿಗೆ ಬಣ್ಣ ತುಂಬಿದರು. ಆಮೇಲೆ ರಾಮಾಯಣ, ಮಹಾಭಾರತ, ಪುರಾಣಗಳ ಪ್ರಸಂಗಗಳು ಅವರ ಕುಂಚದಿಂದ ಹೊರಟು ಕ್ಯಾಲೆಂಡರುಗಳಲ್ಲಿ ಅಚ್ಚಾಗಿ ಭಾರತದ ಉದ್ದಗಲಕ್ಕೂ ಹರಡಿದವು.

ಪಂಡಿತರನ್ನು ಹೂವಿನ ಚಿತ್ರಕಾರರೆಂದು ಯಾರೂ ಕರೆಯಲಾರರು. ಅವರ ಲೋಕ ದೇವದೇವಿಯರದು, ವೀರರದು, ನಾಯಿಕೆಯರದು. ಆದರೂ ಅಂಥ ಚಿತ್ರವೊಂದರ ಮುಂದೆ ನಿಂತು ಮುಖವನ್ನು ಬಿಟ್ಟು ಉಳಿದುದನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ಬೇರೆಯ ಕಥೆ ತೆರೆಯುತ್ತದೆ. ಕೊರಳಿನ ಹಾರ, ಮುಡಿಯ ಮೊಲ್ಲೆ, ಕೈಯ ಕಮಲ, ಕಾಲ ಬಳಿಯಲ್ಲಿ ಚೆಲ್ಲಿದ ಪಕಳೆ. ಇವು ಅಂದಾಜಿನ ಮೇಲೆ ಹಾಕಿದ ಚುಕ್ಕೆಗಳಲ್ಲ. ಬೆಳಕು ಯಾವ ಕಡೆಯಿಂದ ಬಿದ್ದಿದೆ, ಯಾವ ಎಸಳು ನೆರಳಿನಲ್ಲಿದೆ ಎಂಬ ಲೆಕ್ಕ ಅಲ್ಲಿರುತ್ತದೆ. ಮೇಜಿನ ಮೇಲಿನ ತಂಬಿಗೆಯ ಮುಂದೆ ಕುಳಿತು ಕಲಿತ ಪಾಠ ದೇವಿಯ ಕೈಯಲ್ಲಿ ಬಂದು ಅರಳುವುದು ಹೀಗೆ.

ಈ ಚಿತ್ರಗಳ ಹಣೆಯಬರಹವನ್ನು ನೆನೆದರೆ ಮಾತ್ರ ಮನಸ್ಸು ಕಲಕುತ್ತದೆ. ಸಿನಿಮಾ ಫಲಕದ ಆಯುಸ್ಸು ಆ ಚಿತ್ರ ಓಡುವಷ್ಟು ದಿನ. ಬಹಳವಾದರೆ ಕೆಲವು ವಾರ. ಕ್ಯಾಲೆಂಡರಿನ ಆಯುಸ್ಸು ಒಂದು ವರ್ಷ. ಡಿಸೆಂಬರ್ ಮುಗಿಯಿತೆಂದರೆ ಅದು ಮಕ್ಕಳ ಪುಸ್ತಕದ ಹೊದಿಕೆಯಾಗುತ್ತದೆ, ಅಟ್ಟದ ಮೇಲಿನ ಡಬ್ಬಿಗಳಿಗೆ ಹಾಸಾಗುತ್ತದೆ. ಕಲೆಯ ವಿಮರ್ಶಕರಲ್ಲಿ ‘ಕ್ಯಾಲೆಂಡರ್ ಚಿತ್ರ’ವೆಂಬುದು ಬಹುಕಾಲ ಒಂದು ಬೈಗುಳವೇ ಆಗಿತ್ತು. ೧೮೯೪ರಲ್ಲಿ ರಾಜಾ ರವಿವರ್ಮ ತನ್ನ ಅಚ್ಚುಕೂಟವನ್ನು ಆರಂಭಿಸಿದಂದಿನಿಂದಲೂ ಈ ಚರ್ಚೆ ನಡೆದೇ ಇದೆ. ಸಾವಿರಾರು ಪ್ರತಿಗಳಾಗಿ ಹಂಚಿಹೋದದ್ದು ಕಲೆಯೇ? ಹೂವಿನ ಹಾಗೆ ಒಂದು ಕಾಲ ಬಾಳಿ ಬಿಸುಡಲ್ಪಡುವುದಕ್ಕೆ ಬೆಲೆಯುಂಟೆ?

ಇದಕ್ಕೆ ವಿಮರ್ಶಕರಿಗಿಂತ ಮೊದಲು ಉತ್ತರ ಕೊಟ್ಟವರು ಗೃಹಿಣಿಯರು. ವರ್ಷ ಮುಗಿದ ಮೇಲೆ ತಾರೀಕಿನ ಹಾಳೆಗಳನ್ನು ಕಿತ್ತು, ಚಿತ್ರವನ್ನು ಮಾತ್ರ ಕತ್ತರಿಸಿ, ಗಾಜಿನ ಚೌಕಟ್ಟು ಹಾಕಿಸಿ ದೇವರ ಕೋಣೆಯಲ್ಲಿ ತೂಗುಹಾಕಿದ ತಾಯಂದಿರು ಎಷ್ಟೋ ಮಂದಿ. ಅಂಗಡಿಯವನು ಪುಕ್ಕಟೆಯಾಗಿ ಕೊಟ್ಟ ಕಾಗದ ಹಾಗೆ ಪಟವಾಯಿತು. ಬಿಸಿಲು ಬೀಳುವ ಗೋಡೆಯಲ್ಲಿದ್ದವುಗಳಲ್ಲಿ ಕೆಂಪು ಮಾಸಿ ನೀಲಿ ಮಾತ್ರ ಉಳಿಯಿತು. ಒಳಕೋಣೆಯಲ್ಲಿದ್ದವು ಇಂದಿಗೂ ಹೊಳೆಯುತ್ತಿವೆ. ಏನನ್ನು ಉಳಿಸಿಕೊಳ್ಳಬೇಕೆಂಬ ತೀರ್ಮಾನವನ್ನು ಚಿತ್ರಕಾರನ ಹಾಗೆಯೇ ಅವರೂ ಮಾಡಿದ್ದರು. ಪಂಡಿತರು ೧೯೯೩ರಲ್ಲಿ ನಿಧನರಾದರು. ಕಲಬುರಗಿಯ ರಂಗಮಂದಿರಕ್ಕೆ ಇಂದು ಅವರ ಹೆಸರೇ ಇದೆ.

ಕಮಲಾಪುರದ ದಾರಿ

ಪಟ್ಟಣದಲ್ಲಿ ಕಂಡ ಬಣ್ಣಗಳ ತವರನ್ನು ನೋಡಬೇಕೆನ್ನುವವರಿಗೆ ಹುಮನಾಬಾದ್ ರಸ್ತೆಯಲ್ಲಿ ಸುಮಾರು ೩೫ ಕಿಲೋಮೀಟರ್ ದೂರದ ಕಮಲಾಪುರ ತಕ್ಕ ಸ್ಥಳ. ಬಸ್ಸು ಬೇಕಾದಷ್ಟಿವೆ. ೨೦೧೭ರ ಅಕ್ಟೋಬರಿನಲ್ಲಿ ಪೂರ್ಣವಾಗಿ ಆರಂಭವಾದ ಕಲಬುರಗಿ-ಬೀದರ ರೈಲುಮಾರ್ಗವೂ ಕಮಲಾಪುರವನ್ನು ಮುಟ್ಟಿ ಹೋಗುತ್ತದೆ. ಆದರೆ ಹೂವು ನೋಡಲು ರಸ್ತೆಯೇ ಮೇಲು. ಬೇಕಾದಲ್ಲಿ ಇಳಿದು ನಿಲ್ಲಬಹುದು.

ಊರು ದಾಟಿದೊಡನೆ ಎರಡು ಬದಿಗೂ ಎರೆಯ ಕಪ್ಪು ಹೊಲ. ಮಾಘದ ವೇಳೆಗೆ ತೊಗರಿಯ ಕೊಯ್ಲು ಮುಗಿದು ಬಣವೆಗಳು ಎದ್ದಿರುತ್ತವೆ. ಎರಡು ತಿಂಗಳು ಮುಂಚೆ ಬಂದವರು ಈ ಹೊಲಗಳನ್ನೆಲ್ಲ ಹಳದಿಯಾಗಿ ಕಂಡಿರುತ್ತಾರೆ. ತೊಗರಿಯ ಹೂವು ಸಣ್ಣದು. ಹಳದಿಯ ಎಸಳಿನ ಬೆನ್ನಿಗೆ ಕೆಲವು ತಳಿಗಳಲ್ಲಿ ಕೆಂಪು ಗೀರುಗಳಿರುತ್ತವೆ. ಯಾರೂ ಅದನ್ನು ಮುಡಿಯುವುದಿಲ್ಲ, ಹೂದಾನಿಯಲ್ಲಿ ಇಡುವುದಿಲ್ಲ. ನಾಡಿನ ಹೊಟ್ಟೆ ತುಂಬಿಸುವ ಹೂವು ಅದು.

ಈಗ ಹೊಲದಲ್ಲಿ ಉಳಿದಿರುವ ಹೂವೆಂದರೆ ಕುಸುಬೆ. ಹಿಂದಿನಷ್ಟು ಬೆಳೆಯುವುದಿಲ್ಲವಾದರೂ ಜೋಳದ ಹೊಲದ ಅಂಚಿನಲ್ಲಿ ಇದರ ಸಾಲು ಅಲ್ಲಲ್ಲಿ ಕಾಣಿಸುತ್ತದೆ. ಮೈಯೆಲ್ಲ ಮುಳ್ಳಾದ್ದರಿಂದ ದನಗಳು ಒಳಗೆ ನುಗ್ಗದಂತೆ ಬೇಲಿಯಾಗಿ ನಿಲ್ಲುತ್ತದೆ. ಇದರ ಹೂವಿನ ಗುಣ ವಿಚಿತ್ರವಾದದ್ದು. ಅರಳಿದಾಗ ಹಳದಿ, ಬಾಡುತ್ತ ಬಂದಂತೆ ಕಿತ್ತಳೆ, ಆಮೇಲೆ ಕೆಂಪು. ಉಳಿದ ಹೂಗಳು ಬಾಡಿ ಬಣ್ಣ ಕಳೆದುಕೊಂಡರೆ ಕುಸುಬೆ ಬಾಡಿ ಬಣ್ಣ ಗಳಿಸುತ್ತದೆ. ಒಣಗಿದ ಎಸಳುಗಳಿಂದ ಹಿಂದೆ ಬಟ್ಟೆಗೆ ಕೆಂಪು ಬಣ್ಣ ತೆಗೆಯುತ್ತಿದ್ದರು. ಕುಸುಬೆಯ ಕೆಂಪಿನ ಸೀರೆ ಎಂದರೆ ಬಲು ಚೆಲುವು. ಆದರೆ ಆ ಕೆಂಪು ಬಿಸಿಲಿಗೆ ಬೇಗ ಹಾರುವಂಥದು. ದಾರಿಯ ಬದಿಯಲ್ಲಿ ಎಲೆಯುದುರಿ ಬೂದಿಬಣ್ಣಕ್ಕೆ ತಿರುಗಿದ ಮುತ್ತುಗದ ಮರಗಳಲ್ಲಿ ಕೆಂಗೇಸರಿಯ ಮೊಗ್ಗು ಆಗಲೇ ಕಾಣಿಸಿಕೊಂಡಿರುತ್ತದೆ. ಹೋಳಿಯ ಹೊತ್ತಿಗೆ ಮರವೆಲ್ಲ ಬೆಂಕಿ. ಆ ಹೂವನ್ನು ಕುದಿಸಿ ಓಕುಳಿ ಮಾಡುವ ವಾಡಿಕೆ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದ್ದುದು. ಚಿತ್ರಕಾರನ ಬಣ್ಣದ ಪೆಟ್ಟಿಗೆ ಅಂಗಡಿಯಿಂದ ಬರುವುದಕ್ಕೆ ಮುಂಚೆ ಈ ಹೊಲದಿಂದಲೇ ಬರುತ್ತಿತ್ತೆನ್ನಬಹುದು.

ಮಹಾಗಾಂವದ ಸಮೀಪದಲ್ಲಿ ಬಿಡುವಿದ್ದವರು ಹೊಳಕುಂದಾ ಗ್ರಾಮದ ಬಹಮನಿ ಕಾಲದ ಗೋರಿಗಳನ್ನು ನೋಡಿಕೊಂಡು ಮುಂದುವರಿಯಬಹುದು. ಹೊಲಗಳ ನಡುವೆ ಸದ್ದಿಲ್ಲದೆ ನಿಂತ ಈ ಗುಮ್ಮಟಗಳಿಗೆ ಯಾತ್ರಿಕರ ಗದ್ದಲವಿಲ್ಲ.

ಕೆಂಪು ಬಾಳೆಯ ಹೂವು

ಕಮಲಾಪುರ ಈಗ ತಾಲ್ಲೂಕು ಕೇಂದ್ರವಾದ ಸಣ್ಣ ಪಟ್ಟಣ. ಹೆಸರಿನಲ್ಲಿಯೇ ಹೂವನ್ನಿಟ್ಟುಕೊಂಡ ಈ ಊರಿಗೆ ಕೀರ್ತಿ ತಂದದ್ದು ಮಾತ್ರ ಒಂದು ಹಣ್ಣು. ಕಮಲಾಪುರದ ಕೆಂಪು ಬಾಳೆಗೆ ಭಾರತ ಸರಕಾರದ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ದಾರಿಯ ಬದಿಯ ಅಂಗಡಿಗಳಲ್ಲಿ ತೂಗುಬಿದ್ದ ಗೊನೆಗಳನ್ನು ಕಂಡು ಬಸ್ಸಿನವರು ಇಳಿದು ಕೊಳ್ಳುವುದುಂಟು. ಸಾಮಾನ್ಯ ಬಾಳೆಗಿಂತ ಬೆಲೆ ಹೆಚ್ಚು. ಅದಕ್ಕೆ ಕಾರಣವೂ ಉಂಟು. ಬೇರೆ ಬಾಳೆ ವರ್ಷದ ಸುಮಾರಿಗೆ ಕೈಗೆ ಬಂದರೆ ಕೆಂಪು ಬಾಳೆ ಒಂದೂವರೆ ವರ್ಷದ ತನಕ ಕಾಯಿಸುತ್ತದೆ. ಅಷ್ಟು ಕಾಲ ನೀರು, ಗೊಬ್ಬರ, ಆರೈಕೆ ನಡೆಯಬೇಕು. ಗಾಳಿಗೆ ಗಿಡ ಬೀಳದಂತೆ ನೋಡಿಕೊಳ್ಳಬೇಕು.

ತೋಟದ ಒಳಗೆ ಕಾಲಿಟ್ಟರೆ ಮೊದಲು ಹತ್ತುವುದು ತಂಪು. ಎರಡು ಹೆಜ್ಜೆ ಹಿಂದೆ ಉರಿಯುತ್ತಿದ್ದ ಬಿಸಿಲು ಎಲೆಗಳಲ್ಲಿ ಸೋಸಿ ಹಸುರಾಗಿ ಕೆಳಗಿಳಿಯುತ್ತದೆ. ಕಾಂಡ ಕೆಂಪು, ಎಲೆಯ ನಡುನರ ಕೆಂಪು. ಗೊನೆಯ ತುದಿಯಲ್ಲಿ ತಲೆಕೆಳಗಾಗಿ ತೂಗುವ ಬಾಳೆಯ ಹೂವು ಕಡುಗೆಂಪು ಕಮಲದ ಮೊಗ್ಗಿನಂತಿರುತ್ತದೆ. ಅದರ ಒಂದೊಂದು ಹೊರಪದರವೂ ಮೇಲಕ್ಕೆದ್ದು, ಒಳಗಿನ ಕೆನೆಬಣ್ಣದ ಎಳೆಹೂಗಳ ಸಾಲನ್ನು ತೋರಿಸಿ, ಸುರುಟಿ, ಉದುರಿ ಬೀಳುತ್ತದೆ. ಬಿದ್ದ ಮೇಲೆಯೇ ಅಲ್ಲಿ ಕಾಯಿಯ ಚಿಪ್ಪು ಬಲಿಯುವುದು. ಕಮಲಾಪುರದ ಕಮಲವನ್ನು ಹುಡುಕಿಕೊಂಡು ಬಂದವರು ಇದನ್ನೇ ಕಮಲವೆಂದು ತಿಳಿದರೆ ತಪ್ಪಾಗಲಾರದು.

ವಸ್ತುಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಕ್ಕುವುದು ಅಪರೂಪ. ಹಿತ್ತಾಳೆಯ ತಟ್ಟೆಯಲ್ಲಿ ಕೆಂಪು ಬಾಳೆಯ ಒಂದು ಚಿಪ್ಪು, ಪಕ್ಕದಲ್ಲಿ ಅರೆಬಿಚ್ಚಿದ ಬಾಳೆಹೂ, ಹಿಂದೆ ತಂಬಿಗೆಯಲ್ಲಿ ಹಳದಿ ಸೇವಂತಿಗೆ. ಕೆಂಪಿನಲ್ಲಿಯೇ ಎಷ್ಟು ಬಗೆ! ಕಾಯಿಯ ಕೆಂಪು ಕಪ್ಪಿನ ಕಡೆಗೆ ವಾಲುತ್ತದೆ, ಹಣ್ಣಿನದು ಕಿತ್ತಳೆಯ ಕಡೆಗೆ, ಹೂಪದರದ ಹೊರಮೈ ನೇರಳೆಯ ಕಡೆಗೆ, ಒಳಮೈ ರಕ್ತವರ್ಣದ ಕಡೆಗೆ. ಪೆಟ್ಟಿಗೆಯ ಒಂದೇ ಕೆಂಪನ್ನು ನಂಬಿದವನು ಇಲ್ಲಿ ಸೋತಂತೆಯೇ. ಬಾಳೆಯಾದರೋ ಸೇವಂತಿಗೆಯಷ್ಟು ಅವಸರದ್ದಲ್ಲ. ದಿನಕ್ಕೊಂದು ಛಾಯೆ ಬದಲಿಸುತ್ತ ಚಿತ್ರಕಾರನ ಎದುರು ನಿಧಾನವಾಗಿ ಹಣ್ಣಾಗುತ್ತದೆ. ಚಿತ್ರ ಮುಗಿದ ದಿನ ಮನೆಮಂದಿಯೆಲ್ಲ ಕೂಡಿ ತಿನ್ನಲೂ ಬಹುದು. ಮಕ್ಕಳ ದೃಷ್ಟಿಯಲ್ಲಿ ವಸ್ತುಚಿತ್ರದ ಅತ್ಯುತ್ತಮ ಭಾಗ ಇದೇ.

ಸಂಜೆಯ ಬಸ್ಸಿನಲ್ಲಿ ಕಲಬುರಗಿಗೆ ಹಿಂದಿರುಗುವಾಗ ಪಡುವಣದ ಬೆಳಕು ಎರೆಯ ಹೊಲದ ಮೇಲೆ ಅಡ್ಡಲಾಗಿ ಬೀಳುತ್ತದೆ. ಕುಸುಬೆಯ ಸಾಲು ಒಂದು ಗಳಿಗೆ ಹೊತ್ತಿಕೊಂಡು ಉರಿದು ಆರುತ್ತದೆ. ಊರು ಸೇರುವ ವೇಳೆಗೆ ಗುಡಿಯ ಮುಂದಿನ ಹೂವಾಡಗಿತ್ತಿ ಬುಟ್ಟಿಯ ತಳದಲ್ಲಿ ಉಳಿದ ಹೂವನ್ನು ಕೊಡವಿ ಹಾಕಿ, ಗೋಣಿತಟ್ಟನ್ನು ಹಿಂಡಿ ಮಡಿಸುತ್ತಿರುತ್ತಾಳೆ. ನಾಳೆ ಬೆಳಕು ಹರಿಯುವ ಮುನ್ನ ಹೊಸ ಹೂವು ಬರುತ್ತದೆ. ಎಲ್ಲೋ ಒಂದು ಮನೆಯ ಮೇಜಿನ ಮೇಲೆ ಬೆಳಗಿನ ನಾಲ್ಕು ಸೇವಂತಿಗೆಗಳು ತಲೆಬಾಗಿ ನಿಂತಿರುತ್ತವೆ. ಪಕ್ಕದ ಕಾಗದದಲ್ಲಿ ಅವೇ ನಾಲ್ಕು, ಒಂದು ಮೊಗ್ಗಾಗಿ, ಒಂದು ತುಸು ಬಾಗಿ, ಮುಂಜಾನೆಯ ಬೆಳಕಿನಲ್ಲಿಯೇ ಇರುತ್ತವೆ. ಹಿನ್ನೆಲೆ ಇನ್ನೂ ಬರೆದಾಗಿರುವುದಿಲ್ಲ. ಅದಕ್ಕೆ ಅವಸರವೇನೂ ಇಲ್ಲ.

ಕಲಬುರಗಿಗೆ ಹೋಗುವವರು ಕೋಟೆಯನ್ನು ನೋಡಲಿ, ದರ್ಗಾಕ್ಕೂ ಶರಣರ ಗುಡಿಗೂ ಹೋಗಿಬರಲಿ, ಕಮಲಾಪುರದ ಬಾಳೆಯನ್ನು ಕೊಳ್ಳಲಿ. ಗುಮ್ಮಟಗಳ ಒಳಗೆ ಕಣ್ಣು ಹೊಂದಿಕೊಳ್ಳುವ ತನಕ ಎರಡು ನಿಮಿಷ ಹೆಚ್ಚಾಗಿ ನಿಲ್ಲಲಿ. ಹೋಗಲಾರದವರಿಗೂ ಒಂದು ಉಪಾಯವುಂಟು. ಮನೆಯ ಒಳಕೋಣೆಯಲ್ಲಿ ಅಜ್ಜಿ ಚೌಕಟ್ಟು ಹಾಕಿಸಿದ ಹಳೆಯ ಪಟವೊಂದು ಇದ್ದರೆ, ಅದನ್ನು ಮಾರುವ ಮುನ್ನ, ಎಸೆಯುವ ಮುನ್ನ, ಧೂಳು ಒರೆಸಿ ಬೆಳಕಿಗೆ ಹಿಡಿದು ನೋಡಬೇಕು. ಮುಖವನ್ನು ಎಲ್ಲರೂ ನೋಡಿದ್ದಾರೆ. ಕೈಯಲ್ಲಿರುವ ಹೂವನ್ನು ಈ ಸಲ ನೋಡಬೇಕು. ಅದರ ಒಂದು ಎಸಳಿನ ನೆರಳಿಗಾಗಿ ಯಾರೋ ಒಬ್ಬರು ಒಂದು ಮುಂಜಾನೆಯನ್ನು ವೆಚ್ಚ ಮಾಡಿದ್ದಾರೆ.